ಮಡಿ ನೀರು

ಮೈಸೂರು
೨೦ ಫೆಬ್ರವರಿ ೨೦೨೪

ಪಾರವ್ವನವರಿಗೆ,

ಕ್ಷೇಮವಾಗಿ ತಲುಪಿದೆವು. ಹಂಸಕ್ಕನನ್ನು ಕಾರಿನಿಂದ ಇಳಿಸಿ ಅವಳ ಮಗಳು ಶ್ವೇತಾಳ ಮನೆಯ ಮೂರು ಮೆಟ್ಟಿಲು ಹತ್ತಿಸುವುದಕ್ಕೆ ಇಬ್ಬರು ಬೇಕಾಯಿತು. ಲಕ್ವ ಹೊಡೆದ ಬಲಗೈ ಹಾಗೆಯೇ ಇದೆ. ಮಾತಂತೂ ಒಂದೂ ಇಲ್ಲ. ಆದರೆ ಇಲ್ಲಿಯ ಡಾಕ್ಟರು ಒಂದು ಆಸೆ ಹುಟ್ಟಿಸಿದ್ದಾರೆ. ತಾನೇ ಕೈಯಾರೆ ಬೆಳೆಸಿದ ವಸ್ತು ಕಣ್ಣಿಗೆ ಬಿದ್ದಾಗ ಮಾತು ಮರಳುವುದುಂಟಂತೆ. ನನ್ನ ಅಕ್ಕನಿಗೆ ಅಂಥ ವಸ್ತು ಎಂದರೆ ನಮ್ಮ ಜಯನಗರದ ಮನೆಯ ತೋಟ ಒಂದೇ. ಬೇಸಿಗೆ ಕಳೆಯುವ ಹೊತ್ತಿಗೆ ಅವಳನ್ನು ಕರೆತಂದು ಅದರ ಮುಂದೆ ಕೂರಿಸುತ್ತೇನೆ. ಅಲ್ಲಿಯವರೆಗೆ ಅದು ಒಣಗಕೂಡದು. ಹಿಂದಿನ ಬಾಡಿಗೆ ಮನೆಯಲ್ಲಿ ನೀವಿದ್ದೀರಿ ಎಂಬ ಧೈರ್ಯದಿಂದಲೇ ಹೊರಟು ಬಂದೆ.

ನನಗೆ ಕಿವಿ ದೂರ. ಫೋನಿನಲ್ಲಿ ನೀವೊಂದು ಹೇಳಿದರೆ ನಾನೊಂದು ಕೇಳಿಸಿಕೊಳ್ಳುತ್ತೇನೆ. ಕಾಗದವೇ ವಾಸಿ, ಬರೆದದ್ದು ಬರೆದ ಹಾಗೆ ಇರುತ್ತದೆ. ಅಕ್ಕನಿಗೂ ಓದಿ ಹೇಳಬಹುದು.

ಹೊರಡುವ ಗಡಿಬಿಡಿಯಲ್ಲಿ ಹೇಳದೆ ಉಳಿದದ್ದನ್ನು ಬರೆಯುತ್ತೇನೆ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಚೆಲ್ಲಬೇಡಿ, ಗಿಡಗಳಿಗೆ ಅದು ಸಾಕು. ಬಿಸಿಲೇರಿದ ಮೇಲೆ ನೀರು ಹಾಕಬೇಡಿ. ಬುಡಕ್ಕೆ ಒಣಗಿದ ಎಲೆ ಹರಡಿ, ಮಣ್ಣು ಬರಿದಾಗಿ ಕಾಣಬಾರದು. ಮುಂದಿನ ಸಂಪಿನಲ್ಲಿರುವ ಕಾವೇರಿ ನೀರು ಮಡಿಗೆ ಮಾತ್ರ. ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು. ಈ ಬೇಸಿಗೆ ಕಾವೇರಿ ನೀರು ವಾರಕ್ಕೆ ಎಷ್ಟು ಸಲ ಬರುತ್ತದೋ ಹೇಳಲಾಗದು. ಇದೊಂದು ಮಾತು ನಡೆಸಿಕೊಡಿ. ಸಂಜೆ ತುಳಸಿಗೆ ದೀಪ ಹಚ್ಚಿ.

ಇತಿ,
ವಿಮಲಾ


ಜಯನಗರ
೨೮ ಫೆಬ್ರವರಿ

ಪೂಜ್ಯ ವಿಮಲಾ ಆಂಟಿಯವರಿಗೆ ಪಾರವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಬಂತು. ನಾನು ಕೆಲಸ ಮಾಡುವ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತೇ ಎರಡು ಸಲ ಓದಿದೆ. ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು, ತಪ್ಪಿದ್ದರೆ ನಗಬೇಡಿ.

ಎಲ್ಲ ನೀವು ಹೇಳಿದಂತೆ ನಡೆಯುತ್ತಿದೆ. ನಿಂಬೆ, ಕರಿಬೇವು, ಕುಂಡದ ಗಿಡಗಳಿಗೆ ಜಾಲಿಸಿದ ನೀರು. ಸಂಪಿನ ನೀರು ಮಡಿಗೆ, ದಿನಕ್ಕೆ ಎರಡು ಕೊಡ. ಬೇರೆಯದಕ್ಕೆ ಒಂದು ತಂಬಿಗೆಯನ್ನೂ ತೆಗೆಯುವುದಿಲ್ಲ. ಇಷ್ಟು ದಿನ ನಾವು ಕುಡಿಯಲು ಅದರಿಂದಲೇ ಒಂದು ಕೊಡ ತರುತ್ತಿದ್ದೆವು, ನಿನ್ನೆಯಿಂದ ನಿಲ್ಲಿಸಿದ್ದೇವೆ. ನಮಗೆ ಮೇಲಿನ ಟ್ಯಾಂಕಿನ ನೀರಿದೆ, ನೀವು ಆ ಬಗ್ಗೆ ಯೋಚಿಸಬೇಡಿ.

ನಮ್ಮವ್ವ ಹುಲಿಗೆವ್ವನಿಗೆ ಈಗ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಯಲಬುರ್ಗಾ ಬಿಟ್ಟು ಇಲ್ಲಿಗೆ ಬಂದ ದಿನದಿಂದ ಕೈ ಕಟ್ಟಿ ಹಾಕಿದಂತಾಗಿದೆ ಎಂದು ಗೊಣಗುತ್ತಿದ್ದಳು. ಈಗ ದಿನವಿಡೀ ತೋಟದಲ್ಲೇ ಇರುತ್ತಾಳೆ. ನೀರು ಕಡಿಮೆ ಇರುವ ಊರಿನವಳು, ಅವಳ ಹತ್ತಿರ ನೂರು ಉಪಾಯ. ಹಂಸಾ ಆಂಟಿಯ ದಂಟು ಮೊಳಕಾಲುದ್ದ ಬೆಳೆದಿದೆ ಎಂದು ಅವರಿಗೆ ಹೇಳಿ.

ನಿಮ್ಮ
ಪಾರವ್ವ


ಮೈಸೂರು
೮ ಮಾರ್ಚ್

ಪಾರವ್ವನವರಿಗೆ,

ನಿಮ್ಮ ಕಾಗದ ಓದಿ ಸಮಾಧಾನವಾಯಿತು. ಅಕ್ಷರ ಚೆನ್ನಾಗಿದೆ. ನಾನು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವಳು, ನಗುವುದಿದ್ದರೆ ಎದುರಿಗೇ ನಗುತ್ತಿದ್ದೆ.

ಸಂಪಿನ ವಿಷಯದಲ್ಲಿ ನೀವು ಕಟ್ಟುನಿಟ್ಟಾಗಿರುವುದು ಸಂತೋಷ. ಮಡಿಗೆ ದಿನಕ್ಕೆ ಎರಡು ಕೊಡವೇ? ತುಳಸಿಗೆ ಒಂದು ಚೊಂಬು ಸಾಕಿತ್ತು. ಕಟ್ಟೆಯನ್ನೂ ತೊಳೆದು ಪೂಜೆ ಮಾಡುತ್ತೀರೆಂದು ಕಾಣುತ್ತದೆ, ನಿಮ್ಮ ಭಕ್ತಿಗೆ ನಾನೇಕೆ ಅಡ್ಡ ಬರಲಿ. ಆದರೂ ಸ್ವಲ್ಪ ಕೈ ಹಿಡಿದು ಬಳಸಿ. ಬೆಂಗಳೂರಿನ ಬೋರ್‌ವೆಲ್‌ಗಳೆಲ್ಲ ಬತ್ತಿವೆ ಎಂದು ದಿನಾ ಪತ್ರಿಕೆಯಲ್ಲಿ ಬರುತ್ತಿದೆ.

ದಂಟಿನ ವಿಷಯ ಅಕ್ಕನಿಗೆ ಓದಿ ಹೇಳಿದೆ. ಕಣ್ಣರಳಿಸಿ ಕೇಳಿದಳು. ಮುಂದಿನ ಕಾಗದದಲ್ಲಿ ಒಂದೊಂದು ಪಾತಿಯಲ್ಲಿ ಏನೇನಿದೆ ಎಂದು ಬರೆಯಿರಿ. ಅವಳಿಗೆ ಅದೇ ಔಷಧಿ.

ವಿಮಲಾ


ಜಯನಗರ
೧೭ ಮಾರ್ಚ್

ಪೂಜ್ಯ ಆಂಟಿಯವರಿಗೆ,

ಮೊದಲನೇ ಮಡಿಯಲ್ಲಿ ದಂಟು. ಮೂರನೆಯದರಲ್ಲಿ ಮೆಂತ್ಯ ಇತ್ತು, ಬಿಸಿಲಿಗೆ ಸುಟ್ಟಿತು. ಈಗ ಪಾಲಕ್ ಹಾಕಿದ್ದೇವೆ. ನಡುವಿನದರಲ್ಲಿ ಬದನೆ, ಗೋಡೆಯ ಮೇಲೆ ಬಸಳೆ. ನನ್ನ ಎರಡು ಹಳೆಯ ಸೀರೆಗಳನ್ನು ಕಂಬಕ್ಕೆ ಕಟ್ಟಿ ಅವ್ವ ನೆರಳು ಮಾಡಿದ್ದಾಳೆ. ನೋಡಲು ಮದುವೆ ಚಪ್ಪರ ಇದ್ದ ಹಾಗಿದೆ.

ನಮ್ಮ ಬೋರ್‌ವೆಲ್ ಹತ್ತನೇ ತಾರೀಕು ನಿಂತಿತು. ಈಗ ಬೀದಿಯವರೆಲ್ಲ ಸೇರಿ ಟ್ಯಾಂಕರ್ ತರಿಸುತ್ತೇವೆ, ಆ ನೀರನ್ನೇ ಮೇಲಿನ ಟ್ಯಾಂಕಿಗೆ ಬಿಡುತ್ತಾರೆ. ಕುಡಿಯುವುದಕ್ಕೆ ಕ್ಯಾನ್ ಸಿಕ್ಕ ದಿನ ಕ್ಯಾನ್. ಸಂಪಿಗೆ ಕಾವೇರಿ ನೀರು ವಾರಕ್ಕೊಮ್ಮೆ, ಅದೂ ಮೊಳದಷ್ಟು. ಕೋಲು ಇಳಿಸಿ ಅಳೆಯುತ್ತೇನೆ.

ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ ದಂಡವಂತೆ. ಪಕ್ಕದ ಮನೆಯ ವಾರಿಜಾ ಆಂಟಿ ಗೇಟಿನ ಹತ್ತಿರ ನಿಂತು ಹೇಳಿದರು. ನಾನು ಸುಮ್ಮನೆ ತಲೆಯಾಡಿಸಿದೆ. ನೀವು ವಹಿಸಿದ ಕೆಲಸ ಬಿಡುವುದಿಲ್ಲ, ಯಾರ ಕಣ್ಣಿಗೂ ಬೀಳದಂತೆ ಬೆಳಿಗ್ಗೆ ಬೇಗ ಮುಗಿಸುತ್ತೇನೆ. ನೀವು ಹೆದರಬೇಡಿ.

ನೀರು ಉಳಿಸಲು ಅವ್ವ ಒಂದು ಕೆಲಸ ಮಾಡಿದ್ದಾಳೆ. ನಡುವಿನ ಮಡಿಯಲ್ಲಿ ಒಂದು ಮಣ್ಣಿನ ಹರವಿಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚು ಮುಚ್ಚಿದ್ದಾಳೆ. ನೀರು ಹರವಿಯ ಮೈಯಿಂದ ಸಣ್ಣಗೆ ಜಿನುಗಿ ಬೇರಿಗೆ ಹೋಗುತ್ತದೆ, ಬಿಸಿಲು ಕುಡಿಯುವುದಿಲ್ಲ. ಒಮ್ಮೆ ತುಂಬಿದರೆ ಮೂರು ದಿನ. "ನಮಗ ಬಾಯಿ ಐತಿ, ಕೇಳಿ ಕುಡೀತೀವಿ. ಅದಕ್ಕ ಬಾಯಿಲ್ಲ, ನಾವ ನೋಡಬೇಕು" ಅನ್ನುತ್ತಾಳೆ.

ಹಂಸಾ ಆಂಟಿ ಏನಾದರೂ ಮಾತಾಡಿದರೆ ತಕ್ಷಣ ತಿಳಿಸಿ.

ನಿಮ್ಮ
ಪಾರವ್ವ


ಮೈಸೂರು
೨೬ ಮಾರ್ಚ್

ಪಾರವ್ವನವರಿಗೆ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಸರವಾಗಿದೆ. ವಾರಿಜಾ ಶ್ವೇತಾಳಿಗೆ ಫೋನ್ ಮಾಡಿ, "ನಿಮ್ ಟೆನೆಂಟು ಪಾತಿ ಮಧ್ಯ ಮಡಕೆ ಹೂತಿದಾರೆ ಕಣ್ರೀ, ನೋಡಿದ್ರೆ ಎದೆ ಝಲ್ ಅನ್ನುತ್ತೆ, ಮಾಟ ಗೀಟ ಅಲ್ವಾ?" ಎಂದು ಕೇಳಿದಳಂತೆ. ಮಾಟವಲ್ಲವೆಂದು ನನಗೆ ಗೊತ್ತು. ಆದರೆ ಅಕ್ಕ ಆ ಪಾತಿಗಳನ್ನು ಗೇಣು ಹಾಕಿ ಅಳೆದು ಮಾಡಿದ್ದಾಳೆ. ಅವಳು ಬಂದು ನೋಡುವಾಗ ನಡುವೆ ಯಾರದೋ ಮಡಕೆ ಕುತ್ತಿಗೆ ಚಾಚಿಕೊಂಡಿದ್ದರೆ ಗುರುತು ಹತ್ತೀತೇ? ಅದನ್ನು ತೆಗೆದು ಬಿಸಾಡಿ, ಪಾತಿಯನ್ನು ಮೊದಲಿದ್ದಂತೆ ಮಾಡಿಸಿ. ನಿಮ್ಮ ತಾಯಿಯವರ ಉಪಾಯ ನಿಮ್ಮ ಊರಿನ ಹೊಲಕ್ಕೆ ಸರಿ.

ಯಾರ ಕಣ್ಣಿಗೂ ಬೀಳದಂತೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಕದ್ದು ಮಾಡುವ ಕೆಲಸ ಯಾವುದೂ ಇಲ್ಲ.

ಅಕ್ಕ ಚೇತರಿಸಿಕೊಳ್ಳುತ್ತಿದ್ದಾಳೆ. ಡಾಕ್ಟರಿಗೂ ತೃಪ್ತಿಯಿದೆ.

ವಿಮಲಾ


ಜಯನಗರ
೫ ಏಪ್ರಿಲ್

ಆಂಟಿಯವರಿಗೆ,

ಹರವಿ ತೆಗೆದಿಲ್ಲ, ಕ್ಷಮಿಸಬೇಕು. ಬದನೆಯ ಬೇರು ಅದರ ಮೈಗೆ ಸುತ್ತಿಕೊಂಡಿದೆ. ಈಗ ಕಿತ್ತರೆ ಇಡೀ ಮಡಿ ಹೋಗುತ್ತದೆ. ಸಂಪಿನಲ್ಲಿ ನೀರು ಎರಡು ಗೇಣು ಮಾತ್ರ ಇದೆ. ಹರವಿ ಇರುವುದರಿಂದಲೇ ತೋಟ ಇನ್ನೂ ಹಸಿರಾಗಿದೆ. ನೀವು ಬಂದ ದಿನ ನಾನೇ ತೆಗೆಯುತ್ತೇನೆ. ನಿಮ್ಮ ಕಾಗದದ ಆ ಭಾಗವನ್ನು ಅವ್ವನಿಗೆ ಓದಿ ಹೇಳಲಿಲ್ಲ.

ಅವ್ವನಿಗೆ ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಬಿಸಿಲಿಗೆ ಇರಬೇಕು. ಉಳಿದಂತೆ ಎಲ್ಲ ಆರಾಮ.

ಪಾರವ್ವ


ಮೈಸೂರು
೧೩ ಏಪ್ರಿಲ್

ಪಾರವ್ವನವರಿಗೆ,

ಆಯಿತು, ಮಡಕೆ ಸದ್ಯಕ್ಕೆ ಇರಲಿ. ನಿಮ್ಮ ಹಟ ನನ್ನದಕ್ಕಿಂತ ಒಂದು ಕೈ ಮೇಲು. ತಾಯಿಯವರಿಗೆ ಮಜ್ಜಿಗೆ ಕೊಡಿ, ಬಿಸಿಲಿಗೆ ಹೊರಗೆ ಬಿಡಬೇಡಿ.

ಒಂದು ಕೆಲಸ ಮಾಡಿ. ಎರಡು ದಂಟಿನ ಎಲೆ, ಒಂದು ಬಸಳೆ ಎಲೆ ಪುಸ್ತಕದಲ್ಲಿ ಒತ್ತಿಟ್ಟು ಕಾಗದದ ಜೊತೆ ಕಳಿಸಿ. ಅಕ್ಕನ ಕೈಗೆ ಕೊಟ್ಟು ನೋಡುತ್ತೇನೆ. ಬೇಗ ಕಳಿಸಿ.

ವಿಮಲಾ


ಮೈಸೂರು
೩೦ ಏಪ್ರಿಲ್

ಪಾರವ್ವನವರಿಗೆ,

ಹದಿನೇಳು ದಿನವಾಯಿತು, ಎಲೆಯೂ ಇಲ್ಲ, ಉತ್ತರವೂ ಇಲ್ಲ. ಮಡಕೆಯ ಮಾತಿಗೆ ಮುನಿಸಿಕೊಂಡಿರಾ? ವಾರಿಜಾ ಮಗನ ಮನೆಗೆ ಹೋಗಿದ್ದಾಳೆ, ವಿಚಾರಿಸಲು ಯಾರೂ ಇಲ್ಲ. ಶ್ವೇತಾ ಎರಡು ಸಲ ಫೋನ್ ಮಾಡಿದಳು, ನೀವು ತೆಗೆಯಲಿಲ್ಲ. ಮೇ ಹದಿನೆಂಟಕ್ಕೆ ಅಕ್ಕನನ್ನು ಕರೆತರುತ್ತಿದ್ದೇನೆ. ಆಗದಿದ್ದರೆ ಆಗುವುದಿಲ್ಲವೆಂದು ಮೊದಲೇ ಹೇಳಬಹುದಿತ್ತು. ತೋಟ ಒಣಗಿದ್ದರೆ ಅದನ್ನಾದರೂ ತಿಳಿಸಿ, ನಾನು ಅವಳನ್ನು ಅಷ್ಟು ದೂರ ಕೂರಿಸಿಕೊಂಡು ಬರುವ ಮೊದಲು.

ವಿಮಲಾ


ಯಲಬುರ್ಗಾ
೧೦ ಮೇ

ವಿಮಲಾ ಮೇಡಂ ಅವರಿಗೆ,

ನಿಮ್ಮ ಎರಡೂ ಕಾಗದಗಳನ್ನು ಪೋಸ್ಟ್‌ಮನ್ ಇಲ್ಲಿಗೆ ತಿರುಗಿಸಿದ್ದಾರೆ. ಮೊನ್ನೆ ಸೇರಿದವು.

ನಮ್ಮವ್ವ ಏಪ್ರಿಲ್ ಇಪ್ಪತ್ತೆರಡರಂದು ತೀರಿಕೊಂಡಳು. ಕಾಮಾಲೆ. ಕಣ್ಣು ಹಳದಿಯಾದ ಮೇಲೆ ಗೊತ್ತಾಯಿತು. ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ಡಾಕ್ಟರ್ ಮೊದಲು ಕೇಳಿದ್ದೇ ಯಾವ ನೀರು ಕುಡಿಯುತ್ತಿದ್ದರು ಎಂದು. ಟ್ಯಾಂಕರ್ ನೀರು ಅಂದೆ. ಕ್ಯಾನ್ ಸಿಗದ ದಿನ ಕಾಯಿಸಿಡುತ್ತಿದ್ದೆ. ಆದರೆ ನಾನು ಕೆಲಸಕ್ಕೆ ಹೋದ ಮೇಲೆ ಅವಳು ತೋಟದಿಂದ ದಣಿದು ಬಂದು ನಲ್ಲಿಗೇ ಬಾಯಿ ಒಡ್ಡುತ್ತಿದ್ದಳಂತೆ. ಏಪ್ರಿಲ್ ಐದರ ಕಾಗದದಲ್ಲಿ ಎಲ್ಲ ಆರಾಮ ಎಂದು ಬರೆದದ್ದು ಸುಳ್ಳು. ಆ ದಿನವೇ ಅವಳು ಎರಡು ಸಲ ವಾಂತಿ ಮಾಡಿದ್ದಳು. ನಿಮಗೆ ಅಲ್ಲಿ ಹಂಸಾ ಆಂಟಿಯ ಚಿಂತೆ ಇತ್ತು, ಅದಕ್ಕೇ ಬರೆಯಲಿಲ್ಲ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವ್ವ ಕೇಳಿದಳು, "ಆ ಮುಂದಿನ ಸಂಪಿನಾಗಿಂದು ಒಂದು ತಂಬಿಗಿ ತಂದು ಕೊಡು ಪಾರಿ, ಬಾಯೆಲ್ಲಾ ಕಹಿ ಆಗೇತಿ."

"ಅದು ಮಡಿ ನೀರವ್ವ. ಬ್ಯಾರೇದಕ್ಕ ಮುಟ್ಟಬ್ಯಾಡ ಅಂದಾರ. ಮಾತು ಕೊಟ್ಟೀನಿ" ಎಂದೆ.

"ಹೌದಲ್ಲ, ಬ್ಯಾಡ ಬಿಡು. ಬದನಿ ಹೂವಾಗೇತಿ, ಅದಕ್ಕ ಹಾಕು" ಅಂದಳು.

ಹಾಕಿದೆ. ಬದನೆ, ದಂಟು, ಪಾಲಕ್, ಮೂರೂ ಮಡಿಗೆ ಆ ದಿನವೂ ಸಂಪಿನ ನೀರು ಹಾಕಿದೆ. ನಾನು ಊರಿಗೆ ಬರುವ ದಿನ ಹರವಿಯನ್ನು ತುಂಬಿಸಿಯೇ ಬಂದೆ. ಆಮೇಲೆ ಏನಾಗಿದೆಯೋ ಗೊತ್ತಿಲ್ಲ. ತೋಟ ಒಣಗಿದೆಯೇ ಎಂದು ಕೇಳಿದ್ದೀರಿ. ನಾನು ಇರುವವರೆಗೆ ಒಣಗಿರಲಿಲ್ಲ.

ಪಾರವ್ವ


ಜಯನಗರ
೨೦ ಮೇ

ಪಾರವ್ವ,

ಹೇಗೆ ಬರೆಯಲಿ? ನಿನ್ನೆಯಿಂದ ನಾಲ್ಕು ಕಾಗದ ಹರಿದೆ.

ನಮ್ಮ ಮನೆಯಲ್ಲಿ ತೋಟದಲ್ಲಿರುವುದಕ್ಕೆ ಪಾತಿ ಎನ್ನುತ್ತೇವೆ. ಮಡಿ ಎಂದರೆ ದೇವರದು, ಅಡುಗೆಯದು, ಕುಡಿಯುವುದು. ಸಂಪಿನ ನೀರು ಮಡಿಗೆ ಮಾತ್ರ ಎಂದರೆ ಅದು ಚೊಕ್ಕಟದ ನೀರು, ಗಿಡಕ್ಕೆ, ಬಟ್ಟೆಗೆ ಹಾಕಬೇಡಿ ಎಂದರ್ಥ. ನಿಮ್ಮ ಕಡೆ ಪಾತಿಯನ್ನೇ ಮಡಿ ಎನ್ನುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಸಸಿಮಡಿ ಎಂಬ ಮಾತನ್ನು ಮಕ್ಕಳಿಗೆ ಎಷ್ಟು ಸಲ ಪಾಠದಲ್ಲಿ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ನೀವು ಮಾರ್ಚ್ ಕಾಗದದಲ್ಲಿ ಮೊದಲನೇ ಮಡಿ, ನಡುವಿನ ಮಡಿ ಎಂದು ಬಿಡಿಸಿ ಬರೆದಿದ್ದೀರಿ. ನಾನು ಅದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿದ್ದೇನೆ. ಆದರೂ ತಿಳಿಯಲಿಲ್ಲ.

ಒಂದು ಮಾತಿನಿಂದ ಹೀಗಾಯಿತು ಎಂದು ಬರೆದು ಮುಗಿಸಿದ್ದೆ. ಆಮೇಲೆ ನಿಮ್ಮ ಫೆಬ್ರವರಿಯ ಕಾಗದವನ್ನು ತೆಗೆದು ನೋಡಿದೆ. ಕುಡಿಯಲು ತರುತ್ತಿದ್ದ ಕೊಡ ನಿಲ್ಲಿಸಿದ್ದೇವೆ ಎಂದು ಅದರಲ್ಲಿದೆ. ಅದನ್ನು ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ಒಳ್ಳೆಯದೇ ಆಯಿತು, ಸಂಪು ತುಂಬಿರುತ್ತದೆ ಎಂದುಕೊಂಡೆ. ಅದಕ್ಕೇ ಸಂತೋಷ ಎಂದು ಬರೆದೆ. ನಾನು ಮಡಿ ಎಂದು ಬರೆಯುವಾಗ ನಿಮ್ಮಿಬ್ಬರ ಬಾಯಾರಿಕೆ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ನೀವು ಆ ಮಾತನ್ನು ಸರಿಯಾಗಿ ತಿಳಿದುಕೊಂಡಿದ್ದರೂ ನಿಮ್ಮ ತಾಯಿಗೆ ಆ ನೀರು ಸಿಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ.

ನಾನೂ ಸುಳ್ಳು ಬರೆದಿದ್ದೇನೆ. ಅಕ್ಕ ಕಣ್ಣರಳಿಸಲಿಲ್ಲ. ಕಾಗದ ಓದಿದರೆ ಮುಖ ತಿರುಗಿಸುತ್ತಿದ್ದಳು. ಇನ್ನು ಏನೂ ಮರಳುವುದಿಲ್ಲ ಎಂದು ಡಾಕ್ಟರು ಮಾರ್ಚ್ ಇಪ್ಪತ್ತೈದರಂದೇ ಹೇಳಿದರು. ಮರುದಿನವೇ ನಾನು ನಿಮಗೆ ಮಡಕೆ ಬಿಸಾಡಿ ಎಂದು ಬರೆದೆ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು. ಆಸೆ ಬಿಡಲಾಗದೆ ಎಲೆ ಕಳಿಸಿ ಎಂದೆ.

ಮೊನ್ನೆ ಅವಳನ್ನು ಕರೆತಂದು ತೋಟದ ಮುಂದೆ ಕೂರಿಸಿದೆ. ಪಾಲಕ್ ಹೋಗಿದೆ. ಹರವಿಯ ಸುತ್ತಲಿನ ಬದನೆ ಉಳಿದಿದೆ, ಆರು ಕಾಯಿ ಬಿಟ್ಟಿದೆ. ಒಳಗೆ ಕೈ ಹಾಕಿ ನೋಡಿದೆ, ತಳ ಇನ್ನೂ ತಣ್ಣಗಿತ್ತು. ಈಚೆಗೆ ಬಂದ ನಾಲ್ಕು ಹನಿ ಮಳೆಯ ತೇವವೋ ಏನೋ. ಅಕ್ಕ ಅದರ ಕಡೆ ನೋಡಲೂ ಇಲ್ಲ. ರಸ್ತೆಯಲ್ಲಿ ಹೋಗುವ ಆಟೋಗಳನ್ನು ನೋಡುತ್ತ ಕೂತಿದ್ದಳು.

ತಪ್ಪು ಯಾರದೆಂದು ನೀವೇ ಹೇಳಿ. ನೀವು ಏನು ಹೇಳಿದರೂ ಕೇಳುತ್ತೇನೆ.

ವಿಮಲಾ


ಯಲಬುರ್ಗಾ
೧ ಜೂನ್

ವಿಮಲಾ ಮೇಡಂ ಅವರಿಗೆ,

ತಪ್ಪು ಯಾರದೆಂದು ಹೇಳಲು ನನಗೆ ಬರುವುದಿಲ್ಲ. ಮಡಿ ಅಂದರೆ ದೇವರ ಮಡಿ ಎಂದು ನನಗೂ ಗೊತ್ತು. ಆದರೆ ನಿಮ್ಮ ಕಾಗದದ ತುಂಬ ಗಿಡದ ಮಾತೇ ಇತ್ತು, ನನ್ನ ಮನಸ್ಸು ಅಲ್ಲಿಗೆ ಹೋಗಲಿಲ್ಲ. ನಿಮ್ಮನ್ನು ಒಮ್ಮೆ ಕೇಳಬಹುದಿತ್ತು, ಅವ್ವನಿಗೆ ಕುಡಿಯಲು ಒಂದು ತಂಬಿಗೆ ತೆಗೆದುಕೊಳ್ಳಲೇ ಎಂದು. ಕೇಳಲಿಲ್ಲ. ಮಾತು ಕೊಟ್ಟೆನಲ್ಲ ಎಂಬ ಸೊಕ್ಕು ನನಗಿತ್ತು.

ನಾನು ಮತ್ತೆ ಆ ಮನೆಗೆ ಬರುವುದಿಲ್ಲ. ಮಡಿವಾಳದಲ್ಲಿ ಗೆಳತಿಯ ರೂಮಿನಲ್ಲಿ ಇರುತ್ತೇನೆ. ಸಾಮಾನು ಒಯ್ಯಲು ನಮ್ಮಣ್ಣ ಮೌನೇಶ ಏಳನೇ ತಾರೀಕು ಬರುತ್ತಾನೆ. ನಿಮ್ಮಲ್ಲಿರುವ ಇನ್ನೊಂದು ಬೀಗದ ಕೈ ಅವನಿಗೆ ಕೊಡಿ.

ಒಂದು ಕೇಳಿಕೊಳ್ಳುತ್ತೇನೆ. ಆ ಹರವಿ ಕುಂಬಾರರಿಂದ ಕೊಂಡು ತಂದದ್ದಲ್ಲ. ಅವ್ವ ಊರಿಂದ ಬರುವಾಗ ಬಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು, ಅವಳು ನೀರು ಕುಡಿಯುತ್ತಿದ್ದ ಹರವಿ. ಪ್ಲಾಸ್ಟಿಕ್ ಬಾಟಲಿಯ ನೀರು ಅವಳಿಗೆ ಎಂದೂ ಸೇರುತ್ತಿರಲಿಲ್ಲ. ಆದರೂ ಮಾರ್ಚ್ ತಿಂಗಳಲ್ಲಿ ಅದನ್ನೇ ಒಯ್ದು ಹೂತಳು. "ಹಳೇ ಹರವಿ ಛಲೋ ಜಿನಗತೈತಿ" ಅಂದಳು. ನೀವು ಬಿಸಾಡಿ ಎಂದಾಗ ನನಗೆ ಹೇಳಲು ಬಾಯಿ ಬರಲಿಲ್ಲ. ಅದನ್ನು ಕೀಳಬೇಡಿ.

ಪಾರವ್ವ


ಜಯನಗರ
೮ ಜೂನ್

ಪಾರವ್ವ,

ನಿಮ್ಮಣ್ಣ ಮೌನೇಶ ನಿನ್ನೆ ಬಂದಿದ್ದರು. ಸಾಮಾನೆಲ್ಲ ಟೆಂಪೋಗೆ ಹಾಕಿಸಿದರು. ನಿಮ್ಮ ಎರಡು ಸೀರೆಗಳನ್ನು ಕಂಬದಿಂದ ಬಿಚ್ಚಿ, ಒಗೆದು, ಮಡಿಸಿ ಕೊಟ್ಟಿದ್ದೇನೆ. ಬಣ್ಣ ಹೋಗಿದೆ. ಹರವಿಯನ್ನು ಯಾರೂ ಕೀಳುವುದಿಲ್ಲ. ಮೂರು ದಿನಕ್ಕೊಮ್ಮೆ ನಾನೇ ತುಂಬುತ್ತೇನೆ.

ಅವರು ಬೆವೆತಿದ್ದರು. ಕುಡಿಯಲು ಏನು ಕೊಡಲಿ ಎಂದರೆ ನೀರು ಸಾಕು ಎಂದರು. ದೇವರ ಮನೆಯ ಬೆಳ್ಳಿ ಲೋಟ ತಂದು ಸಂಪಿನಿಂದಲೇ ತುಂಬಿ ಕೊಟ್ಟೆ. ಅವರು ಅದನ್ನು ಕುಡಿಯಲಿಲ್ಲ. ಚಪ್ಪಲಿ ಬಿಟ್ಟು, ಲೋಟ ಹಿಡಿದೇ ತೋಟಕ್ಕೆ ಇಳಿದು, ಹಂಚು ಸರಿಸಿ, ಅಷ್ಟೂ ನೀರನ್ನು ಹರವಿಗೆ ಸುರಿದರು. ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಏನಂದಿರಿ ಎಂದು ಹತ್ತಿರ ಹೋದೆ. ನನಗೆ ಕಿವಿ ದೂರವೆಂದು ಅವರಿಗೆ ಗೊತ್ತಿರಲಿಲ್ಲ, ನಾನು ಬೇಕೆಂದೇ ಇನ್ನೊಮ್ಮೆ ಹೇಳಿಸುತ್ತಿದ್ದೇನೆ ಎಂದುಕೊಂಡರೋ ಏನೋ. ಖಾಲಿ ಲೋಟವನ್ನು ನನ್ನ ಕೈಗಿಟ್ಟು ಗಟ್ಟಿಯಾಗಿ ಹೇಳಿದರು.

"ಅವ್ವ ಕೇಳಿದ್ಲಂತಲ್ರೀ."

ವಿಮಲಾ